ಕುಣಿಗಲ್ ಸೀಮೆಯ ನೆಲಕ್ಕೆ ಯಾವ ಗಿಡ?

ಜೂನ್ ತಿಂಗಳ ಮಳೆ ನಾಲ್ಕು ಹನಿ ಬಿದ್ದರೆ ನಮ್ಮ ತಾಲ್ಲೂಕುಗಳಲ್ಲಿ ಸಸಿ ನೆಡುವ ಸಂಭ್ರಮ ಶುರುವಾಗುತ್ತದೆ. ಪರಿಸರ ದಿನ ಮುಗಿಯಿತೆಂದರೆ ವನಮಹೋತ್ಸವ, ಕೆ. ಎಂ. ಮುನ್ಷಿಯವರು 1950ರಲ್ಲಿ ದೇಶಕ್ಕೆ ಹಾಕಿಕೊಟ್ಟ ಪದ್ಧತಿ. ಶಾಲೆಯ ಆವರಣ, ಹೊಸ ಬಡಾವಣೆ, ಹೆದ್ದಾರಿಯ ಪಕ್ಕ, ಕೆರೆಯಂಗಳ, ಗುಡ್ಡದ ಬುಡ, ಹೀಗೆ ಎಲ್ಲ ಕಡೆ ಗುಂಡಿ ಬೀಳುತ್ತವೆ. ಎಷ್ಟು ಸಸಿ ನೆಟ್ಟರು ಎಂಬ ಲೆಕ್ಕ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ನೆಟ್ಟದ್ದು ಯಾವ ಗಿಡ, ಅಲ್ಲಿ ಮೊದಲು ಏನು ಬೆಳೆಯುತ್ತಿತ್ತು, ಆ ಗಿಡದ ಎಲೆ ತಿನ್ನುವ ಹುಳು ಈ ಸೀಮೆಯಲ್ಲಿ ಇದೆಯೇ, ಅದರ ಹಣ್ಣಿಗೆ ಯಾವ ಹಕ್ಕಿ ಬರುತ್ತದೆ ಎಂದು ಕೇಳುವವರು ಕಡಿಮೆ. ನಾಡಿನ ಗಿಡಗಳಿಂದಲೇ ತೋಟ, ರಸ್ತೆ, ಬಯಲುಗಳನ್ನು ರೂಪಿಸಿ ಕೆಟ್ಟ ನೆಲವನ್ನು ಮತ್ತೆ ಜೀವಿಗಳ ನೆಲೆಯಾಗಿಸುವ ವಿಚಾರ ಈಗ ಲೋಕದ ಎಲ್ಲೆಡೆ ಚರ್ಚೆಯಲ್ಲಿದೆ. ಕುಣಿಗಲ್, ಗುಬ್ಬಿ, ತುಮಕೂರಿನ ಮಟ್ಟಿಗೆ ಅದರ ಅರ್ಥವೇನು ಎಂದು ನೋಡುವುದು ಈ ಬರಹದ ಉದ್ದೇಶ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸೀಮೆಯಲ್ಲಿ ಮರ ಕಡಿಮೆಯಾಗಿರುವುದು ನಿಜ. ಅದಕ್ಕಿಂತ ಹೆಚ್ಚಾಗಿ ಕಡಿಮೆಯಾಗಿರುವುದು ಪೊದೆ, ಮುಳ್ಳು ಮತ್ತು ಹುಲ್ಲು. ಅವು ಇದ್ದದ್ದು ಬೇಲಿಯಲ್ಲಿ ಮತ್ತು ಗೋಮಾಳದಲ್ಲಿ. ಕೆಲಸವೂ ಅಲ್ಲಿಂದಲೇ ಶುರುವಾಗಬೇಕು.

ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ಗುಬ್ಬಿ, ತುರುವೇಕೆರೆಗಳ ಕಡೆಯಿಂದ ಹರಿದು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ಸೇರಿ, ಅಲ್ಲಿಂದ ಮಂಡ್ಯ ಜಿಲ್ಲೆಗೆ ಇಳಿಯುತ್ತದೆ. ಹುತ್ರಿದುರ್ಗ, ಹುಲಿಯೂರುದುರ್ಗಗಳ ಬೋಳು ಬಂಡೆ, ಬಂಡೆಯ ಬುಡದಲ್ಲಿ ಕೆಂಪು ಗರಸು ಮಣ್ಣು, ತಗ್ಗಿನಲ್ಲಿ ಕೆರೆ, ಕೆರೆಯ ಕೆಳಗೆ ತೆಂಗು ಅಡಿಕೆ, ಮೇಲಿನ ಹೊಲದಲ್ಲಿ ರಾಗಿ. ಮಳೆ ಮೇ ತಿಂಗಳಲ್ಲಿ ಒಂದಿಷ್ಟು ಬಂದು, ನಡುವೆ ಕೈಕೊಟ್ಟು, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಜೋರಾಗಿ ಸುರಿಯುತ್ತದೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಣ ಕಾಲ. ಈ ಕ್ರಮಕ್ಕೆ ಒಗ್ಗಿ ಬೆಳೆದದ್ದು ಕುರುಚಲು ಕಾಡು. ಬಂಡೆಯ ಸಂದಿನಲ್ಲಿ ಬಂದರೆ, ಕಳ್ಳಿ. ಇಳಿಜಾರಿನಲ್ಲಿ ಚುಜ್ಜಲು, ಕಗ್ಗಲಿ, ದಿಂಡಿಗ, ಮುತ್ತುಗ, ಕಕ್ಕೆ. ಬಯಲಿನಲ್ಲಿ ತಂಗಡಿ, ಕಾರೆ, ಕವಳೆ, ಎಲಚಿ ಮತ್ತು ಅವುಗಳ ನಡುವೆ ಆಳೆತ್ತರಕ್ಕೆ ಬಾರದ ಹುಲ್ಲು. ಹಳ್ಳದ ದಂಡೆಯಲ್ಲಿ ಹೊಳೆಮತ್ತಿ, ಹೊಂಗೆ, ನೇರಳೆ, ಅತ್ತಿ, ಲಕ್ಕಿ, ಈಚಲು. ಶಿರಾ ಕಡೆ ಹೋದಂತೆ ಕಮರ ಕಾಣಿಸಿಕೊಳ್ಳುತ್ತದೆ. ಚಿಂಕಾರಗಳಿಗಾಗಿ 2019ರಲ್ಲಿ ಘೋಷಿಸಿದ ಬುಕ್ಕಾಪಟ್ಟಣ ವನ್ಯಧಾಮ ಇಂಥ ಒಣ ಕಾಡೇ. ಮಲೆನಾಡು ನೋಡಿ ಬಂದ ಕಣ್ಣಿಗೆ ಈ ಕಾಡು ಬಡವಾಗಿ ಕಾಣುತ್ತದೆ. ಆದರೆ ಲೋಕದಲ್ಲಿ ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಬೇರೆಲ್ಲೂ ಇಲ್ಲದ ಹಳದಿ ಕತ್ತಿನ ಪಿಕಳಾರ ವಾಸಿಸುವುದು ಇಂಥ ಬಂಡೆ ಮತ್ತು ಪೊದೆಗಳ ನಡುವೆಯೇ. ದೇವರಾಯನದುರ್ಗ ಅದರ ನೆಲೆಗಳಲ್ಲೊಂದು. ಆ ಗುಡ್ಡವನ್ನು ದಟ್ಟ ನೆಡುತೋಪು ಮಾಡಿದರೆ ಆ ಹಕ್ಕಿಗೆ ಉಪಕಾರವೇನೂ ಆಗದು.

ಈ ಸೀಮೆಯ ಜನ ನೆಲವನ್ನು ರೂಪಿಸುವ ವಿದ್ಯೆಯನ್ನು ಹೊಸದಾಗಿ ಕಲಿಯಬೇಕಾಗಿಲ್ಲ. ಹಳೇ ಮೈಸೂರಿನ ಊರುಗಳಿಗೆ ಗುಂಡುತೋಪು ಎಂಬ ವ್ಯವಸ್ಥೆ ಇತ್ತು. ಊರಿನ ಸಾಮೂಹಿಕ ನೆಲದಲ್ಲಿ ಮಾವು, ಹುಣಸೆ, ಹಲಸು, ನೇರಳೆ, ಹೊಂಗೆ ಬೆಳೆಸಿ, ದಾರಿಹೋಕರಿಗೆ, ದನಕರುಗಳಿಗೆ, ಜಾತ್ರೆ ಸಂತೆಗಳಿಗೆ ನೆರಳು ಮಾಡಿಕೊಂಡಿದ್ದರು. ಊರ ನಡುವೆ ಅರಳಿಕಟ್ಟೆ, ಅಲ್ಲಿ ಅರಳಿ ಬೇವುಗಳ ಜೋಡಿ. ದನಗಳಿಗೆ ಗೋಕಟ್ಟೆ. ಹೊಲದ ಬದುವಿನಲ್ಲಿ ಹೊಂಗೆ: ಸೊಪ್ಪು ಗೊಬ್ಬರಕ್ಕೆ, ಬೀಜ ದೀಪದೆಣ್ಣೆಗೆ. ಆ ಎಣ್ಣೆಯಿಂದಲೇ ಜನರೇಟರ್ ಓಡಿಸಿ ಪಂಪು ನಡೆಸುವ ಪ್ರಯೋಗವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ನಮ್ಮ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ನಡೆಸಿದ್ದರು. ಊರಾಚೆ ದೊಡ್ಡ ದೊಡ್ಡ ಹುಲ್ಲು ಬಯಲುಗಳು ಅಮೃತಮಹಲ್ ರಾಸುಗಳಿಗೆ ಮೀಸಲಾದ ಕಾವಲುಗಳಾಗಿದ್ದವು. ಕುಣಿಗಲ್ ಪಟ್ಟಣದ ಅಂಚಿಗೆ, ಟಿಪ್ಪುವಿನ ಅಶ್ವದಳಕ್ಕೆಂದು ಹುಟ್ಟಿದ ಕುದುರೆ ಫಾರಂ ನಾನೂರಕ್ಕೂ ಹೆಚ್ಚು ಎಕರೆಯಲ್ಲಿ ಇನ್ನೂ ಇದೆ. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಅಗತ್ಯಕ್ಕೆ ಮಾಡಿಕೊಂಡ ಇವೆಲ್ಲದರಲ್ಲಿ ಒಂದು ವಿವೇಕ ಇತ್ತು. ಹುಲ್ಲಿನ ಜಾಗದಲ್ಲಿ ಹುಲ್ಲು, ನೆರಳಿನ ಜಾಗದಲ್ಲಿ ಮರ, ಅಂಚಿನಲ್ಲಿ ಮುಳ್ಳು.

ಈ ಕ್ರಮ ಕದಡಿದ್ದು ನೀಲಗಿರಿಯಿಂದ. ನೀಲಗಿರಿಯನ್ನು ಈ ನಾಡಿಗೆ ಮೊದಲು ತಂದದ್ದು ಟಿಪ್ಪುವಿನ ಕಾಲದಲ್ಲಿ, ನಂದಿಬೆಟ್ಟಕ್ಕೆ, ತೋಟದ ಕುತೂಹಲಕ್ಕಾಗಿ. ಅದು ಬಯಲಿನ ಹೊಲಗಳಿಗೆ ವ್ಯಾಪಕವಾಗಿ ಹಬ್ಬಿದ್ದು 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಹೊತ್ತಿಗೆ. ಕೋಲಾರ, ಬೆಂಗಳೂರು, ತುಮಕೂರು ಜಿಲ್ಲೆಗಳಲ್ಲಿ ರಾಗಿ ಬೆಳೆಯುತ್ತಿದ್ದ ಹೊಲಗಳಿಗೂ ಗೋಮಾಳಗಳಿಗೂ ನೀಲಗಿರಿ ಹತ್ತಿತು. ಕಾಗದದ ಕಾರ್ಖಾನೆಗೆ, ಕಟ್ಟಡದ ಗಳುಗಳಿಗೆ ಬೇಡಿಕೆ ಇತ್ತು. ಮೇಯುವ ದನ ಅದನ್ನು ಮುಟ್ಟುತ್ತಿರಲಿಲ್ಲ, ಕಾವಲು ಬೇಕಿರಲಿಲ್ಲ. ಕೂಲಿಯಾಳು ಸಿಗದ ಜಮೀನುದಾರನಿಗೆ ಅದು ಸಲೀಸು. ಕೂಲಿ ಹೋದವನಿಗೆ, ರಾಗಿ ಹೋದವನಿಗೆ, ಸೊಪ್ಪು ಸೌದೆ ಹೋದ ಹೆಂಗಸರಿಗೆ ಕಷ್ಟ. ಅದನ್ನು ಮೊದಲು ಎದುರಿಸಿದವರಲ್ಲಿ ನಮ್ಮ ಜಿಲ್ಲೆಯವರೂ ಇದ್ದರು. 1983ರ ಆಗಸ್ಟ್ 10ರಂದು ತುಮಕೂರು ಜಿಲ್ಲೆಯ ಎರಡು ಹಳ್ಳಿಗಳ ಸಣ್ಣ ರೈತರು ಗುಂಪಾಗಿ ಅರಣ್ಯ ಇಲಾಖೆಯ ನರ್ಸರಿಗೆ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹುಣಸೆ ಮತ್ತು ಮಾವಿನ ಬೀಜ ಊರಿದರು. ಬಂಧನಕ್ಕೂ ಒಳಗಾದರು. ನಾಲ್ಕು ವರ್ಷದ ನಂತರ, 1987ರ ನವೆಂಬರಿನಲ್ಲಿ, ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ಮುಂದಾಳತ್ವದಲ್ಲಿ ನಡೆದ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹದ ಹೆಸರು ನಾಡಿನ ತುಂಬ ಹರಡಿತು. ತುಮಕೂರಿನ ಆ ದಿನವನ್ನು ಇಲ್ಲಿಯ ಶಾಲೆಗಳಲ್ಲೂ ಯಾರೂ ನೆನೆಯುವುದಿಲ್ಲ. ಕಿತ್ತರಷ್ಟೇ ಅಲ್ಲ, ಬದಲಿಗೆ ಏನು ಬೇಕೆಂದು ಬೀಜ ಊರಿ ತೋರಿಸಿದರು; ಇಡೀ ಚರ್ಚೆಯ ಸಾರ ಅಲ್ಲೇ ಇದೆ ಎಂದು ನನಗನ್ನಿಸುತ್ತದೆ. ರಾಜ್ಯ ಸರ್ಕಾರ ನೀಲಗಿರಿಯ ಹೊಸ ನಾಟಿಗೆ ತಡೆ ಹಾಕಿದ್ದು 2017ರಲ್ಲಿ.

ಕುಣಿಗಲ್ ತಾಲ್ಲೂಕಿನಲ್ಲೇ ಇನ್ನೊಂದು ಬಗೆಯ ಪ್ರಯೋಗ ನಡೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿ ಅವರು ಕಟ್ಟಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ತನ್ನ ವಿಸ್ತರಣಾ ಕೇಂದ್ರವನ್ನು ಇಲ್ಲಿಯ ಉಂಗ್ರದಲ್ಲಿ ತೆರೆದಿತ್ತು. ಅದರ ಮುಂದುವರಿಕೆಯಾಗಿ ಹೊಸಹಳ್ಳಿ ಎಂಬ ಪುಟ್ಟ ಊರಿಗೆ 1980ರ ದಶಕದ ಕೊನೆಯಲ್ಲಿ ಕಟ್ಟಿಗೆಯಿಂದ ಅನಿಲ ತೆಗೆದು ವಿದ್ಯುತ್ ಕೊಡುವ ಘಟಕ ಬಂತು. ಅದಕ್ಕೆ ಬೇಕಾದ ಕಟ್ಟಿಗೆಗೆ ಬೇಗ ಬೆಳೆಯುವ ಮರಗಳ ತೋಪು ಬೆಳೆಸಿದರು. ಬೆಳಕು, ಕುಡಿಯುವ ನೀರು, ಹಿಟ್ಟಿನ ಗಿರಣಿ ಊರಿಗೆ ಸಿಕ್ಕವು. ಆ ಗುರಿಗೆ ಆ ತೋಪು ಸರಿಯಾಗಿತ್ತು. ಕಟ್ಟಿಗೆ ತೋಪನ್ನು ಕಾಡೆಂದು ಕರೆದು, ಊರಿನ ಉಳಿದ ಬಯಲುಗಳಿಗೂ ಅದೇ ಅಳತೆ ಹಿಡಿದಾಗ ಅನಾಹುತವಾಗುತ್ತದೆ.

ಉದ್ಯಾನದ ಅಭಿರುಚಿ ಬಂದದ್ದು ಬೇರೆ ಕಡೆಯಿಂದ. 1908ರಿಂದ 1932ರವರೆಗೆ ಲಾಲ್‌ಬಾಗನ್ನು ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್, ವರ್ಷವಿಡೀ ಒಂದಲ್ಲ ಒಂದು ಮರ ಹೂ ಬಿಡುವಂತೆ ಬೆಂಗಳೂರಿನ ಬೀದಿಗಳನ್ನು ಯೋಜಿಸಿದರು. ಅದಕ್ಕಾಗಿ ದಕ್ಷಿಣ ಅಮೆರಿಕ, ಆಫ್ರಿಕ, ಆಸ್ಟ್ರೇಲಿಯದ ಮರಗಳನ್ನು ಧಾರಾಳವಾಗಿ ಬಳಸಿದರು. ಅದು ಸುಂದರವಾದ ಯೋಜನೆ. ಬೆಂಗಳೂರಿನ ಮಾರ್ಚ್ ತಿಂಗಳಿಗೆ ಇಂದಿಗೂ ಬಣ್ಣ ಬರುತ್ತಿರುವುದು ಅದರಿಂದ. ಆದರೆ ಹೂವಿನ ಬಣ್ಣವೇ ಮರದ ಯೋಗ್ಯತೆ ಎಂಬ ಅಳತೆ ಸುತ್ತಲಿನ ಪಟ್ಟಣಗಳಿಗೂ ಹಬ್ಬಿತು. ಇವತ್ತು ಕುಣಿಗಲ್ಲಿನಲ್ಲಿ, ತುಮಕೂರಿನಲ್ಲಿ ಹೊಸ ಬಡಾವಣೆ ಆಗಲಿ, ಕಲ್ಯಾಣ ಮಂಟಪ ಆಗಲಿ, ಗಾರ್ಡನ್ ಎಂದರೆ ಮೆಕ್ಸಿಕನ್ ಹುಲ್ಲುಹಾಸು, ಕತ್ತರಿಸಿದ ಡುರಾಂಟ, ನಾಲ್ಕು ರಾಯಲ್ ಪಾಮ್, ಒಂದು ಸಾಲು ಟಬೆಬೂಯ. ಎಲ್ಲದಕ್ಕೂ ಬೋರ್‌ವೆಲ್ ನೀರು. ಹೇಮಾವತಿಯ ನೀರು ಯಾರಿಗೆಷ್ಟು ಎಂದು ಲಿಂಕ್ ಕೆನಾಲ್ ವಿಚಾರದಲ್ಲಿ ಗುಬ್ಬಿ, ತುಮಕೂರು ಒಂದು ಕಡೆ, ಕುಣಿಗಲ್ ಇನ್ನೊಂದು ಕಡೆ ಹಗ್ಗ ಹಿಡಿದು ಜಗ್ಗುತ್ತಿರುವ ಸೀಮೆ ಇದು. ಇಲ್ಲಿ ಬೇಸಿಗೆಯಲ್ಲಿ ಹುಲ್ಲುಹಾಸಿಗೆ ನೀರು ಬಿಡುವುದನ್ನು ಕಂಡಾಗ ಸಂಕಟವಾಗುತ್ತದೆ.

ಸಾಲುಮರದ ತಿಮ್ಮಕ್ಕನವರ ಹೆಸರಿಲ್ಲದೆ ಈ ಸೀಮೆಯಲ್ಲಿ ಗಿಡದ ಮಾತು ಪೂರ್ತಿಯಾಗುವುದಿಲ್ಲ. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ, ಕುಣಿಗಲ್‌ಗೆ ತಾಗಿದಂತಿರುವ ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಸೊಸೆಯಾಗಿ ಬಂದವರು. ಗಂಡ ಚಿಕ್ಕಯ್ಯನವರೊಂದಿಗೆ ಹುಲಿಕಲ್–ಕುದೂರು ರಸ್ತೆಯ ಸುಮಾರು ನಾಲ್ಕು ಕಿಲೋಮೀಟರಿಗೆ 385 ಆಲದ ಮರ ಬೆಳೆಸಿದರು. 2019ರಲ್ಲಿ ಪದ್ಮಶ್ರೀ ಬಂತು; 2025ರ ನವೆಂಬರ್ 14ರಂದು ತೀರಿಕೊಂಡರು. ಅವರ ಬಗ್ಗೆ ಭಾವುಕವಾಗಿ ಬರೆದದ್ದು ಬಹಳ ಇದೆ. ಅವರು ಮಾಡಿದ ಕೆಲಸದ ಕ್ರಮವನ್ನು ಬಿಡಿಸಿ ನೋಡಿದ್ದು ಕಡಿಮೆ. ಸಸಿ ತಂದದ್ದು ನರ್ಸರಿಯಿಂದಲ್ಲ; ಊರಿನ ಸುತ್ತಲೇ ಹೇರಳವಾಗಿದ್ದ ಆಲದ ಮರಗಳಿಂದ. ಆ ಮಣ್ಣಿಗೆ, ಆ ಬಿಸಿಲಿಗೆ ಒಗ್ಗಿದ ತಳಿ. ಮೊದಲ ವರ್ಷ ಹತ್ತು, ಮರುವರ್ಷ ಹದಿನೈದು, ಆಮೇಲೆ ಇಪ್ಪತ್ತು, ತಮ್ಮ ಕೈಲಾಗುವಷ್ಟೇ. ನೆಟ್ಟದ್ದು ಮಳೆಗಾಲದಲ್ಲಿ. ಬಿಂದಿಗೆಯಲ್ಲಿ ಮೈಲಿಗಟ್ಟಲೆ ನೀರು ಹೊತ್ತರು. ದನ ಮೇಕೆ ಬಾಯಿ ಹಾಕದಂತೆ ಪ್ರತಿ ಸಸಿಗೂ ಮುಳ್ಳು ಕಟ್ಟಿದರು. ಸ್ಥಳದ ತಳಿ, ಸಣ್ಣ ಸಂಖ್ಯೆ, ಸರಿಯಾದ ಕಾಲ, ವರ್ಷಗಳ ಕಾವಲು: ಇಂದು ಪರಿಸರ ಪುನಶ್ಚೇತನದ ಪುಸ್ತಕಗಳು ಹೇಳುವುದೂ ಇದನ್ನೇ. 2019ರಲ್ಲಿ ಅದೇ ರಸ್ತೆ ಅಗಲಿಸುವ ಯೋಜನೆ ಬಂದಾಗ ತಿಮ್ಮಕ್ಕ ಸರ್ಕಾರದ ಮುಂದೆ ನಿಂತು ಮರಗಳನ್ನು ಉಳಿಸಿಕೊಡಿ ಎಂದು ಕೇಳಬೇಕಾಯಿತು. ಸರ್ಕಾರ ಒಪ್ಪಿತು. ಬೆಂಗಳೂರು–ಮಂಗಳೂರು ಹೆದ್ದಾರಿ ಚತುಷ್ಪಥವಾದಾಗ ಉರುಳಿದ ಹಳೆಯ ಸಾಲುಮರಗಳಿಗೆ ಹಾಗೆ ಕೇಳುವವರು ಇರಲಿಲ್ಲ. ಈಗ ಅಲ್ಲಿ ನಡುವಿನ ಪಟ್ಟಿಯಲ್ಲಿ ಕಣಗಿಲೆ, ಕಾಗದದ ಹೂ.

ಆಲ, ಅರಳಿ, ಅತ್ತಿ, ಬಸರಿ, ಗೋಣಿ, ಈ ಐದೂ ಒಂದೇ ಕುಲದವು. ಒಂದೊಂದಕ್ಕೂ ತನ್ನದೇ ಪುಟ್ಟ ಕಣಜವಿದೆ. ಆ ಕಣಜ ಕಾಯಿಯೊಳಗೆ ಹೊಕ್ಕು ಪರಾಗಸ್ಪರ್ಶ ಮಾಡದೆ ಬೀಜ ಆಗದು, ಆ ಕಾಯಿ ಇಲ್ಲದೆ ಕಣಜದ ಸಂತತಿ ಉಳಿಯದು. ಕಣಜದ ವಂಶ ಮುಂದುವರಿಯಬೇಕಾದರೆ ಒಂದು ಸೀಮೆಯಲ್ಲಿ ಯಾವ ತಿಂಗಳಲ್ಲೂ ಎಲ್ಲೋ ಒಂದು ಮರ ಕಾಯಿ ಬಿಟ್ಟಿರಲೇಬೇಕು. ಹಾಗಾಗಿಯೇ ಬೇರೆಲ್ಲ ಒಣಗಿದ ಕಾಲದಲ್ಲೂ ಕುಟ್ರುಹಕ್ಕಿ, ಕೋಗಿಲೆ, ಹಸಿರು ಪಾರಿವಾಳ, ಬಾವಲಿಗಳಿಗೆ ಈ ಮರಗಳಲ್ಲಿ ಊಟ ಸಿಗುತ್ತದೆ. ಅವು ತಿಂದು ಹೋಗಿ ಹಿಕ್ಕೆ ಹಾಕಿದ ಕಡೆ ಇನ್ನಷ್ಟು ಗಿಡ. ಕೆಟ್ಟ ಜಾಗದಲ್ಲಿ ಎರಡು ಗೋಣಿ ಮರದ ಕೊಂಬೆ ನಾಟಿ ಮಾಡಿ ಹತ್ತು ವರ್ಷ ಕಾದರೆ, ಹಕ್ಕಿಗಳೇ ಬಿತ್ತನೆಯ ಅರ್ಧ ಕೆಲಸ ಮಾಡಿಕೊಡುತ್ತವೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ನಾಡಿನ ಗಿಡ ಎಂದರೆ ಯಾವುದು? ನೀಲಗಿರಿ ಕಿತ್ತ ರೈತರು ಊರಿದ ಹುಣಸೆಯ ಮೂಲ ಆಫ್ರಿಕ. ಗುಂಡುತೋಪಿನ ಹಿರಿಯ ಮರ ಅದು. ಎಷ್ಟೋ ಶತಮಾನಗಳಿಂದ ಇಲ್ಲಿದೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ, ಊರವರು ಅವನ್ನು ಕಾಯುತ್ತಾರೆ. ನಮ್ಮ ಶಿಂಷೆಯೇ ಮುಂದೆ ಹರಿದುಹೋಗುವ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳಿಗೂ ಹುಣಸೆ, ಆಲ, ಅರಳಿಗಳೇ ಆಸರೆ. ಆದ್ದರಿಂದ ಮೂಲದ ಪಾಸ್‌ಪೋರ್ಟ್ ಕೇಳುತ್ತಾ ಕೂರುವುದರಲ್ಲಿ ನನಗೆ ಆಸಕ್ತಿಯಿಲ್ಲ. ಎರಡು ಪ್ರಶ್ನೆ ಸಾಕು. ಈ ಗಿಡ ಸುತ್ತಲಿನ ಜೀವಿಗಳಿಗೆ ಏನು ಕೊಡುತ್ತದೆ? ತನ್ನ ಪಾಡಿಗೆ ಹಬ್ಬಿ ಬೇರೆಯವನ್ನು ಅಳಿಸುತ್ತದೆಯೇ? ಹುಣಸೆ ಎರಡರಲ್ಲೂ ಪಾಸಾಗುತ್ತದೆ. ಲಂಟಾನ, ಬಳ್ಳಾರಿ ಜಾಲಿ, ಪಾರ್ಥೇನಿಯಂ ಎರಡನೆಯದರಲ್ಲಿ ಸೋಲುತ್ತವೆ. ನೀಲಗಿರಿ ಹೂವಿಗೆ ಜೇನು ಬರುತ್ತದೆ ಎಂಬುದು ಸತ್ಯ. ಆದರೆ ಅದರ ಎಲೆ ತಿಂದು ಬದುಕುವ ಹುಳು ಇಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ನೆರಳಿನಲ್ಲಿ ಹುಲ್ಲೂ ಬಾರದು.

ಎಲೆ ತಿನ್ನುವ ಹುಳುವಿಗೆ ಏಕಿಷ್ಟು ಬೆಲೆ ಎಂದು ಕೇಳಬಹುದು. ಅಮೆರಿಕದ ಕೀಟತಜ್ಞ ಡಗ್ಲಸ್ ಟಾಲಮಿ ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ. ಅಲ್ಲಿಯ ಚಿಕಡೀ ಎಂಬ ಅಂಗೈ ತುಂಬದ ಹಕ್ಕಿ ಒಂದು ಗೂಡಿನ ಮರಿಗಳನ್ನು ಸಾಕಲು ಆರರಿಂದ ಒಂಬತ್ತು ಸಾವಿರ ಕಂಬಳಿಹುಳು ಹಿಡಿದು ತರಬೇಕು. ಅಲ್ಲಿನ ಓಕ್ ಮರಗಳು ಐನೂರಕ್ಕೂ ಹೆಚ್ಚು ಬಗೆಯ ಕಂಬಳಿಹುಳುಗಳನ್ನು ಪೊರೆಯುತ್ತವೆ. ಚೀನಾದಿಂದ ತಂದು ನೆಟ್ಟ ಗಿಂಕ್ಗೊ ಬೆರಳೆಣಿಕೆಯಷ್ಟನ್ನು. ನಮ್ಮಲ್ಲೂ ಕಾಳು ಹಣ್ಣು ತಿನ್ನುವ ಗುಬ್ಬಿ, ಪಿಕಳಾರಗಳು ಮರಿಗೆ ಕೊಡುವುದು ಹುಳುವನ್ನೇ. ಮನೆ ಮುಂದಿನ ಸಿಂಗಪುರ ಚೆರ್ರಿಗೆ ಹಕ್ಕಿ ಮುತ್ತಿಕೊಳ್ಳುವುದನ್ನು ನೋಡಿ ಸಂತೋಷಪಡುತ್ತೇವೆ. ಮರಿ ಬೆಳೆಯಲು ಬೇಕಾದದ್ದು ಆ ಹಣ್ಣಲ್ಲ. ನಮ್ಮ ಚಿಟ್ಟೆಗಳಿಗೂ ಒಂದೊಂದಕ್ಕೆ ಒಂದೊಂದು ಗಿಡದ ನಂಟು. ಎಕ್ಕದ ಎಲೆಯಲ್ಲಿ ಮೊಟ್ಟೆಯಿಡುವ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್, ಕಕ್ಕೆ ತಂಗಡಿಗಳನ್ನು ಹುಡುಕಿ ಹೋಗುವ ನಸುಹಳದಿಯ ಎಮಿಗ್ರಂಟ್, ಬಿಲ್ವ ಬೇಲ ನಿಂಬೆಗಳ ಲೈಮ್ ಬಟರ್‌ಫ್ಲೈ, ಕರಿಬೇವಿನ ಕಾಮನ್ ಮಾರ್ಮನ್, ಈಶ್ವರಿ ಬಳ್ಳಿಯನ್ನೇ ನಂಬಿದ ಕಾಮನ್ ರೋಸ್. ಹಿತ್ತಲಿನ ಕರಿಬೇವಿನ ಎಲೆಯನ್ನು ಹುಳು ತಿಂದಿತೆಂದು ಔಷಧ ಹೊಡೆಯುವಾಗ ನಾವು ಹೊಡೆಯುವುದು ಆ ಚಿಟ್ಟೆಗೆ.

ಬೇಲಿಯ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು. ತುಮಕೂರು ತಾಲ್ಲೂಕಿನ ನಾಗವಲ್ಲಿಯ ಸುತ್ತಮುತ್ತ ಕಾಡುಪಾಪಗಳಿವೆ. ಅಂಗೈಯಲ್ಲಿ ಹಿಡಿಯುವಷ್ಟು ಮೈ, ಮುಖದ ತುಂಬ ಕಣ್ಣು, ರಾತ್ರಿ ಸಂಚಾರ, ಹುಳು ಹುಪ್ಪಟೆ ಆಹಾರ. ಊರಿನ ಶಾಲೆಯ ಉಪಾಧ್ಯಾಯರೂ ಮಕ್ಕಳೂ ಅವುಗಳ ಬಗ್ಗೆ ಆಸ್ಥೆಯಿಂದ ಮಾಹಿತಿ ಕಲೆಹಾಕಿದ್ದಾರೆ. ಕೋತಿಯಂತೆ ಜಿಗಿಯಲು ಕಾಡುಪಾಪಕ್ಕೆ ಬಾರದು. ಒಂದು ರೆಂಬೆಯನ್ನು ಹಿಡಿದುಕೊಂಡೇ ಇನ್ನೊಂದಕ್ಕೆ ಕೈ ಚಾಚಿ ನಿಧಾನವಾಗಿ ಸಾಗುತ್ತದೆ. ಹಾಗಾಗಿ ಅದಕ್ಕೆ ಬೇಕಾದದ್ದು ದೊಡ್ಡ ಮರಕ್ಕಿಂತ ಹೆಚ್ಚಾಗಿ ಕಡಿಯದ ಸಾಲು. ಹೊಲದಿಂದ ತೋಟಕ್ಕೆ, ತೋಟದಿಂದ ಹಳ್ಳಕ್ಕೆ, ಹಳ್ಳದಿಂದ ಗುಡ್ಡಕ್ಕೆ ರೆಂಬೆಗೆ ರೆಂಬೆ ತಾಗಿದ ದಾರಿ. ಈ ದಾರಿಯನ್ನು ಶತಮಾನಗಳ ಕಾಲ ಒದಗಿಸಿದ್ದು ರೈತರ ಜೀವಂತ ಬೇಲಿಗಳು.

ಹಳೆಯ ಬೇಲಿ ಎಂದರೆ ಒಂದು ಆಳಗಲದಿಂದ ಎರಡಾಳಗಲದ ಪಟ್ಟಿ. ಕಳ್ಳಿ, ಲಕ್ಕಿ, ಬಂದರೆ, ತಂಗಡಿ, ಕಾರೆ, ಎಲಚಿ, ನಡುನಡುವೆ ಹೊಂಗೆ, ಬೇವು, ಚುಜ್ಜಲು. ಮೇಲೆ ಹಬ್ಬಿದ ಬಳ್ಳಿಗಳು. ಬುಡದಲ್ಲಿ ತುಂಬೆ, ಗರಿಕೆ. ಕಾಡುಪಾಪಕ್ಕೆ ದಾರಿ, ಪಿಕಳಾರಕ್ಕೆ ಗೂಡಿನ ಮುಳ್ಳು, ಗೌಜಲಹಕ್ಕಿಗೆ ಮರೆ, ಮುಂಗುಸಿಗೆ ಬಿಲ, ತಂಗಡಿ ಹೂವಿಗೆ ಗುಯ್ಗುಟ್ಟುತ್ತಾ ಬರುವ ದುಂಬಿ. ರೈತನಿಗೆ ಮೇಕೆಯ ಸೊಪ್ಪು, ಲಕ್ಕಿ ಸೊಪ್ಪಿನ ಔಷಧ, ಸೌದೆ, ಕವಳೆ ಹಣ್ಣು. ಗಾಳಿ ತಡೆಯಿತು, ಮಣ್ಣು ಕೊಚ್ಚಿಹೋಗದಂತೆ ನೋಡಿಕೊಂಡಿತು, ಮಳೆನೀರು ನಿಂತು ಇಂಗಲು ಬಿಟ್ಟಿತು. ಈಗ ಆ ಜಾಗಕ್ಕೆ ಕಲ್ಲುಕಂಬ, ಮುಳ್ಳುತಂತಿ, ಚೈನ್‌ಲಿಂಕ್ ಮೆಶ್, ಸೋಲಾರ್ ತಂತಿ. ಜೆಸಿಬಿ ತಂದರೆ ತಲೆಮಾರುಗಳ ಬೇಲಿ ಅರ್ಧ ದಿನದ ಕೆಲಸ. ಕಾರಣಗಳು ನಿಜವಾದವೇ. ಜಮೀನಿನ ಬೆಲೆ ಏರಿದೆ, ಒಂದು ಅಡಿಯೂ ಬಿಡಲು ಯಾರಿಗೂ ಮನಸ್ಸಿಲ್ಲ. ಬೇಲಿ ಸವರಲು ಆಳು ಸಿಗುವುದಿಲ್ಲ. ಹಾವಿನ ಭಯ. ಅಳತೆಯ ತಕರಾರು. ಬೆಂಗಳೂರಿನವರು ಕೊಂಡ ಜಮೀನಿಗೆ ಮೊದಲ ದಿನವೇ ತಂತಿ ಬೀಳುತ್ತದೆ. ಇವಕ್ಕೆಲ್ಲ ಉತ್ತರ ಕೊಡದೆ ಬೇಲಿ ಉಳಿಸಿ ಎಂದರೆ ಯಾರೂ ಕೇಳುವುದಿಲ್ಲ. ತಂತಿ ಇರಲಿ, ಅದರ ಒಳಮಗ್ಗುಲಿಗೆ ಮೂರಡಿ ಬಿಟ್ಟು ಲಕ್ಕಿ, ಆಡುಸೋಗೆ, ಬಂದರೆಯ ಒಂದು ಸಾಲು ಎಬ್ಬಿಸಬಹುದು. ಮೂರೂ ದನ ಮೇಕೆ ಮುಟ್ಟದ ಗಿಡಗಳು, ನೀರು ಕೇಳದವು, ಕಡ್ಡಿಯಿಂದಲೋ ಬೀಜದಿಂದಲೋ ಬರುವಂಥವು. ಎರಡು ಮೂರು ಮಳೆಗಾಲದಲ್ಲಿ ತಂತಿ ಒಳಗೆ ಮುಚ್ಚಿಹೋಗುತ್ತದೆ. ತಮಿಳುನಾಡು 2022ರಲ್ಲಿ ಕರೂರು, ದಿಂಡಿಗಲ್ ಜಿಲ್ಲೆಗಳಲ್ಲಿ ಕಾಡುಪಾಪಕ್ಕೆಂದೇ ಹನ್ನೊಂದು ಸಾವಿರಕ್ಕೂ ಹೆಚ್ಚು ಹೆಕ್ಟೇರಿನ ಕಡವೂರು ವನ್ಯಧಾಮ ಮಾಡಿದೆ. ಅಷ್ಟು ದೊಡ್ಡ ಕಾಡು ಮೀಸಲಿಡುವ ಅವಕಾಶ ನಮ್ಮ ಹೊಲಗದ್ದೆಗಳ ನಡುವೆ ಇಲ್ಲ, ಆದರೆ ಬೇಲಿಗಳ ಉದ್ದವನ್ನು ಕೂಡಿಸಿ ನೋಡಿದರೆ ಕಡಿಮೆಯೇನಲ್ಲ.

ಹುಲ್ಲಿನ ಕಥೆ ಇನ್ನೂ ಕಷ್ಟದ್ದು. ದೇಶದ ಬಂಜರು ಭೂಮಿಯ ಅಧಿಕೃತ ನಕ್ಷೆಗಳಲ್ಲಿ ಕುರುಚಲು ಭೂಮಿಯೂ ಸೇರಿಕೊಂಡಿದೆ. ಬಂಜರು ಎಂದು ಬರೆದ ಮೇಲೆ ಎರಡೇ ಗತಿ: ಒಂದೋ ಕಾರ್ಖಾನೆ, ಇಲ್ಲವೇ ನೆಡುತೋಪು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಕೆಲಸ ಬೇಕು, ಕಾರ್ಖಾನೆ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಹುಲ್ಲುಬಯಲು ಹೋದರೆ ನೆಲಗುಬ್ಬಿ, ಲಾವುಗೆ, ಟಿಟ್ಟಿಭಗಳಿಗೆ ಮರದ ತೋಪು ಪರಿಹಾರವಾಗುವುದಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳು ಉಳಿದಿರುವುದು ಹುಲ್ಲು ಉಳಿದಿರುವುದರಿಂದ. ಆ ಜಾಗವನ್ನು 2007ರಲ್ಲಿ ಜಯಮಂಗಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದು ಒಳ್ಳೆಯ ಕೆಲಸ. ಈಗ ಎಲ್ಲೆಡೆ ಕೇಳಿಬರುವ ಮಿಯಾವಾಕಿ ವಿಧಾನದ ಬಗ್ಗೆಯೂ ಇದೇ ಎಚ್ಚರಿಕೆ ಬೇಕು. ಜಪಾನಿನ ಅಕಿರ ಮಿಯಾವಾಕಿ ಆ ನೆಲದಲ್ಲಿ ಮನುಷ್ಯನ ಕೈ ಬೀಳುವ ಮುಂಚೆ ಏನು ಬೆಳೆಯುತ್ತಿತ್ತು ಎಂದು ವರ್ಷಗಟ್ಟಲೆ ಹುಡುಕಿ ಆಮೇಲೆ ಗಿಡ ಆರಿಸಿದವರು. ನಮ್ಮಲ್ಲಿ ಆ ಮೊದಲ ಹೆಜ್ಜೆಯನ್ನು ಬಿಟ್ಟು, ಚದರ ಮೀಟರಿಗೆ ಮೂರು ನಾಲ್ಕು ಸಸಿ ತುರುಕುವ ಎರಡನೆಯ ಹೆಜ್ಜೆಯನ್ನು ಹಿಡಿದುಕೊಂಡಿದ್ದಾರೆ. ಶಾಲೆಯ ಮೂಲೆಗೆ, ಕಾರ್ಖಾನೆಯ ಅಂಚಿಗೆ ಅದು ಸರಿ. ಗೋಮಾಳಕ್ಕೆ, ಕಾವಲಿಗೆ, ಬಂಡೆ ಗುಡ್ಡಕ್ಕೆ ಖಂಡಿತ ಬೇಡ.

ಹಾಗಾದರೆ ಕೆಟ್ಟ ಬಯಲನ್ನು ಸರಿಪಡಿಸುವುದು ಹೇಗೆ? ಬಹಳ ಸಲ, ಏನನ್ನೂ ನೆಡದೆ. ಪಾವಗಡದ ಗಡಿಯಾಚೆ, ಆಂಧ್ರದ ಚೆನ್ನೇಕೊತ್ತಪಲ್ಲಿಯ ಬಳಿ 1990ರಲ್ಲಿ ಬೋಳಾಗಿದ್ದ 32 ಎಕರೆ ಕೊಂಡು ಶುರುವಾದ ಟಿಂಬಕ್ಟು ಕಲೆಕ್ಟಿವ್ ಮುಖ್ಯವಾಗಿ ಮಾಡಿದ ಕೆಲಸವೆಂದರೆ ಬೆಂಕಿಯನ್ನೂ ದನ ಮೇಯುವುದನ್ನೂ ತಡೆದದ್ದು, ಮಳೆನೀರನ್ನು ನಿಲ್ಲಿಸಿದ್ದು. ಮಣ್ಣಿನಡಿ ಉಳಿದಿದ್ದ ಬೇರು, ಬೀಜಗಳೇ ಮೇಲೆದ್ದವು. ಅದೇ ಕ್ರಮದಲ್ಲಿ ಅಲ್ಲಿನ ಹಳ್ಳಿಗಳವರು ಕಲ್ಪವಲ್ಲಿ ಎಂಬ ಹಲವು ಸಾವಿರ ಎಕರೆಯ ಗುಡ್ಡಸಾಲನ್ನು ಹಸಿರು ಮಾಡಿಕೊಂಡರು. ಹುಲ್ಲು, ಈಚಲಿನಿಂದ ಅವರಿಗೆ ಆದಾಯವೂ ಬಂತು. ಬಂಡೆ ನೆಲಕ್ಕೆ ಪಾಠ ಬೇಕಾದರೆ ಜೋಧಪುರದ ರಾವ್ ಜೋಧಾ ಉದ್ಯಾನ ನೋಡಬೇಕು. 2006ರಿಂದ ಪ್ರದೀಪ್ ಕೃಷೆನ್ ಮೆಹ್ರಾನ್‌ಗಢ ಕೋಟೆಯ ಬುಡದ ಕಲ್ಲುನೆಲದಿಂದ ಬಳ್ಳಾರಿ ಜಾಲಿಯನ್ನು ತೆಗೆಸಲು ಕಲ್ಲು ಒಡೆಯುವ ಕಸುಬಿನವರನ್ನು ಕರೆಸಿದರು. ಬೇರು ಬಂಡೆಯ ಸಂದಿನಿಂದ ಪೂರ್ತಿ ಹೊರಬಂದ ಮೇಲೆ ಅದೇ ಸಂದಿನಲ್ಲಿ ಮರುಭೂಮಿಯ ಕಲ್ಲುಗಿಡಗಳನ್ನು ಕೂರಿಸಿದರು. ಹುಲಿಯೂರುದುರ್ಗದ ಬುಡದಲ್ಲಿ ಇಂಥದ್ದೊಂದು ಏಕೆ ಆಗಬಾರದು ಎಂದು ನಾನು ಗಂಭೀರವಾಗಿಯೇ ಕೇಳುತ್ತಿದ್ದೇನೆ. ಲಂಟಾನದ ಬಗ್ಗೆ ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಅವರು ರೂಪಿಸಿದ ವಿಧಾನ ಸರಳವಾಗಿದೆ: ಹೂ ಬಿಡುವ ಮುಂಚೆ, ನೆಲಮಟ್ಟಕ್ಕಿಂತ ಎರಡು ಬೆರಳು ಕೆಳಗೆ ಬೇರಿನ ತಲೆಯನ್ನು ಕತ್ತರಿಸಿ ಗಿಡವನ್ನು ತಲೆಕೆಳಗು ಮಾಡಿ ಇಡುವುದು, ಆಮೇಲೆ ಹಕ್ಕಿ ಕೂರುವ ಮರಗಳ ಕೆಳಗೆ ಹುಟ್ಟುವ ಮರಿಗಿಡಗಳನ್ನು ಕಿತ್ತುಹಾಕುವುದು, ತೆರವಾದ ಜಾಗಕ್ಕೆ ತಕ್ಷಣ ನಾಟಿ ಹುಲ್ಲು ಬಿತ್ತುವುದು. ಜೆಸಿಬಿಯಿಂದ ಕೆದಕಿದರೆ ಮುಂದಿನ ಮಳೆಗೆ ದುಪ್ಪಟ್ಟು ಬರುತ್ತದೆ.

ಕುಣಿಗಲ್ಲಿನಲ್ಲಿ ಈ ಎಲ್ಲ ಪ್ರಶ್ನೆಗಳೂ ಒಂದೇ ಜಾಗದಲ್ಲಿ ಕೂಡುವುದು ಕುದುರೆ ಫಾರಂನಲ್ಲಿ. 1992ರಲ್ಲಿ ಖಾಸಗಿ ಕಂಪನಿಗೆ ಗುತ್ತಿಗೆಗೆ ಹೋದ ಜಾಗ ಅದು. 2024ರಲ್ಲಿ ಅಲ್ಲಿ ಟೌನ್‌ಶಿಪ್ ಕಟ್ಟುವ ಪ್ರಸ್ತಾಪ ಬಂದು ವಿರೋಧವೂ ಎದ್ದಿತು. ಎರಡು ಶತಮಾನಕ್ಕೂ ಮಿಕ್ಕಿ ಕಟ್ಟಡ ಬೀಳದೆ, ಮೇವಿನ ನೆಲವಾಗಿಯೇ ಉಳಿದ ಇಷ್ಟು ದೊಡ್ಡ ಬಯಲು ಬೆಂಗಳೂರಿನ ಇಷ್ಟು ಹತ್ತಿರದಲ್ಲಿ ಇನ್ನೊಂದು ಇರುವುದು ನನಗೆ ಗೊತ್ತಿಲ್ಲ. ಅಲ್ಲಿ ಯಾವ ಹುಲ್ಲು, ಯಾವ ಮರ, ಯಾವ ಹಕ್ಕಿ ಎಂದು ನಾಲ್ಕು ಋತುಗಳ ಸಮೀಕ್ಷೆ ನಡೆಸದೆ ಯಾವ ತೀರ್ಮಾನವನ್ನೂ ಮಾಡಬಾರದು. ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ ಕೆರೆಗೂ ಅದೇ ಮಾತು. ಕೆರೆ ಅಭಿವೃದ್ಧಿ ಎಂದರೆ ಏರಿಯ ಮೇಲೆ ಟೈಲ್ಸ್, ಅಂಗಳದಲ್ಲಿ ಹುಲ್ಲುಹಾಸು ಎಂದಾಗಿದೆ. ಏರಿಯ ಮೇಲೆ ಬೇರು ಇಳಿಯುವ ಮರ ಬೇಡ, ಗರಿಕೆ, ಲಾವಂಚ ಸಾಕು. ನೀರು ಬರುವ ಹಳ್ಳದ ಬಾಯಲ್ಲಿ ಜೊಂಡು ಇರಲಿ, ಹೊಳೆಮತ್ತಿ, ಹೊಂಗೆ, ಲಕ್ಕಿ ಬರಲಿ. ಅಂಗಳದ ಕರಿಜಾಲಿಗಳಲ್ಲಿ ನೀರುಹಕ್ಕಿ ಗೂಡು ಕಟ್ಟುತ್ತವೆ, ಅವನ್ನು ಕಡಿಯದಿದ್ದರೆ ಸಾಕು.

ಇಷ್ಟೆಲ್ಲ ಮಾಡಲು ಹೊರಟವರಿಗೆ ಎದುರಾಗುವ ಮೊದಲ ಅಡ್ಡಿ ಸಸಿ. ನರ್ಸರಿಗೆ ಹೋದರೆ ಸಿಲ್ವರ್ ಓಕ್, ಮಹಾಗನಿ, ತೇಗ, ಅಲಂಕಾರದ ಪಾಮ್‌ಗಳು ಸಾಲಾಗಿ ನಿಂತಿರುತ್ತವೆ. ಹೊಂಗೆ, ಬೇವು, ನೇರಳೆ ಅರಣ್ಯ ಇಲಾಖೆಯಲ್ಲಿ ಸಿಗುತ್ತವೆ. ಬಂದರೆ, ಕಾರೆ, ಕವಳೆ, ತಂಗಡಿ, ಚುಜ್ಜಲು ಕೇಳಿದರೆ ಇಲ್ಲ. ಕೊಳ್ಳುವವರಿಲ್ಲದ್ದನ್ನು ಯಾರೂ ಬೆಳೆಸುವುದಿಲ್ಲ. ಸರ್ಕಾರದ ಹಣವೂ ಮರದ ಕಡೆಗೇ ಹರಿಯುತ್ತದೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತ ನೆಟ್ಟ ಸಸಿ ಮೂರು ವರ್ಷ ಉಳಿದರೆ ಕಂತಿನಲ್ಲಿ ಹಣ ಕೊಡುತ್ತಾರೆ. ನೀಲಗಿರಿ, ಸಿಲ್ವರ್ ಓಕ್‌ಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ನೆಟ್ಟದ್ದಕ್ಕಲ್ಲದೆ ಉಳಿದದ್ದಕ್ಕೆ ಹಣ ಎಂಬ ಈ ತತ್ವ ಬಹಳ ಒಳ್ಳೆಯದು. ಆದರೆ ಲೆಕ್ಕಕ್ಕೆ ಬರುವುದು ಮರದ ಸಸಿ ಮಾತ್ರ. ಬದುವಿನುದ್ದ ನೂರು ಮೀಟರ್ ಜೀವಂತ ಬೇಲಿ ಎಬ್ಬಿಸಿದ ರೈತನಿಗೂ ಮೀಟರಿನ ಲೆಕ್ಕದಲ್ಲಿ ಅದೇ ಹಣ ಸಿಗುವಂತಾದರೆ, ಇದ್ದ ಬೇಲಿಯನ್ನು ಉಳಿಸಿಕೊಂಡವನಿಗೆ ಇನ್ನೂ ಸ್ವಲ್ಪ ಹೆಚ್ಚು ಸಿಗುವಂತಾದರೆ, ಜೆಸಿಬಿ ಕರೆಸುವ ಕೈ ಒಂದು ಸಲ ತಡೆಯುತ್ತದೆ.

ಅಲ್ಲಿಯವರೆಗೆ ಬೀಜ ನಾವೇ ಆರಿಸಬೇಕು. ಎಲಚಿ ಸಂಕ್ರಾಂತಿಯ ಆಸುಪಾಸಿಗೆ ಹಣ್ಣಾಗುತ್ತದೆ. ಬಂದರೆಯ ರೆಕ್ಕೆಗಾಯಿ ಬೇಸಿಗೆಯ ಮುಂಚೆ ಒಣಗುತ್ತದೆ. ಕಕ್ಕೆಯ ಬೀಜದ ಸಿಪ್ಪೆ ಗಟ್ಟಿ, ಕಲ್ಲಿಗೆ ಉಜ್ಜಿ ನೆನೆಹಾಕದೆ ಮೊಳೆಯದು. ಹೊಂಗೆಯ ಕಾಯಿ ಬೇಸಿಗೆಯಲ್ಲಿ ಮರದ ಬುಡದಲ್ಲೇ ಸಿಗುತ್ತದೆ. ಮುತ್ತುಗ ಮಳೆಗೆ ಮುಂಚೆ ಉದುರುತ್ತದೆ, ತಡಮಾಡದೆ ಊರಬೇಕು. ಬೇವಿನ ಹಣ್ಣು ಜೂನ್ ಜುಲೈಯಲ್ಲಿ. ಅದರ ಬೀಜಕ್ಕೆ ಜೀವ ಎರಡು ಮೂರು ವಾರ ಮಾತ್ರ, ತಂದ ವಾರದಲ್ಲೇ ಮಣ್ಣು ಸೇರಬೇಕು.